ಹೋಳಿಗೆಯ ಪಂಕ್ತಿಯಲ್ಲಿ ರಷ್ಯನ್ ಧಾತು

ಸಂಸ್ಕೃತದ ಧಾತುರೂಪಗಳನ್ನು ಗಿಣಿಪಾಠ ಮಾಡಿ ಬೆಳೆದವನಿಗೆ ರಷ್ಯನ್ ಯಾವ ಲೆಕ್ಕ? ಮಹಾಯುದ್ಧದ ಆ ಕಾಲದಲ್ಲಿ ಪುಣೆಯಲ್ಲಿ ಓದುತ್ತಿದ್ದ ನಾನು ಹೀಗೆಂದುಕೊಂಡೇ ಒಬ್ಬ ರಷ್ಯನ್ ಶಿಕ್ಷಕಿಯ, ಪುಣೆಯ ಮಾತಿನಲ್ಲಿ 'ಬಾಯಿ'ಯವರ, ಪಾಠಕ್ಕೆ ಸೇರಿದೆ. ಸಂಸ್ಕೃತದಲ್ಲಿ ಇಬ್ಬರಿಗೆಂದೇ ಬೇರೆ ರೂಪಗಳುಂಟು. ರಷ್ಯನ್ನಿನಲ್ಲಿ ಆ ಕಾಟವೂ ಇಲ್ಲ. ವರ್ಷ ತುಂಬುವುದರೊಳಗೆ ರಷ್ಯದವರ ತಪ್ಪುಗಳನ್ನೇ ತಿದ್ದುವೆನೆಂಬ ಧೈರ್ಯ ನನಗಿತ್ತು.

ತೊಡಕು ಒಂದೇ. ಹಾನಗಲ್ಲಿನ ನನ್ನ ಮಾವನವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರು ಕಸಬಿನಿಂದ ವಕೀಲರು, ಮನಸ್ಸಿನಿಂದ ಶಾಸ್ತ್ರಿಗಳು. ಹುಡುಗ ಸಂಸ್ಕೃತ ಓದುತ್ತಾನೆಂದೇ ಮಗಳು ಇಂದಿರಾಳನ್ನು ಕೊಟ್ಟಿದ್ದರು. ಮದುವೆಯಾದರೂ ಅವಳಿನ್ನೂ ತವರಿನಲ್ಲೇ ಇದ್ದಳು. ಮೊದಲ ದೀಪಾವಳಿಗೆ ಅಳಿಯನಾಗಿ ಹೋಗಿ, ಬರುವಾಗ ಅವಳನ್ನು ಪುಣೆಗೆ ಕರೆತರಬೇಕು. ಅದಕ್ಕೆ ಮಾವನವರು ಹೂಂ ಅನ್ನಬೇಕು. ಆ ಹಬ್ಬದಲ್ಲಿ ನನಗೆ ಬೇಕಾಗಿದ್ದದ್ದು ಆ ಒಂದು ಹೂಂ ಮಾತ್ರ.

ಆದರೆ ಹಬ್ಬದ ಬೆನ್ನಿಗೇ ಪರೀಕ್ಷೆ ನಿಂತಿತ್ತು. ಎಣ್ಣೆ ಸ್ನಾನ ಮುಗಿಸಿ ತೂಗುಮಣೆಯ ಮೇಲೆ ಕುಳಿತು 'ಕೊಡು' ಎಂಬ ಧಾತುವನ್ನು ಉರುಹೊಡೆಯತೊಡಗಿದೆ. 'ದಾಮ್, ದಾಶ್, ದಾಸ್ತ್, ದದೀಮ್, ದದೀತೆ, ದದೂತ್!' ನಾನು ಕೊಡುತ್ತೇನೆ, ನೀನು ಕೊಡುತ್ತೀ, ಹೀಗೆ. ಬಾಯಿಯವರು ಕೈಮಾಡಿ ತೋರಿಸಿ ಕಲಿಸುತ್ತಿದ್ದರು. ನಾನೂ ಹಾಗೆಯೇ ಒಮ್ಮೆ ಎದೆಯನ್ನು, ಒಮ್ಮೆ ಕಂಬವನ್ನು ತೋರಿಸುತ್ತ ತೂಗಿದೆ.

ಅಂಗಳದಿಂದ ಮಾವನವರ ದನಿ ಕೇಳಿತು. "ಭೇಷ್! ಹಬ್ಬದ ದಿನಾನೂ ಅಭ್ಯಾಸ ಬಿಟ್ಟಿಲ್ಲ ನೋಡ್ರಿ ನಮ್ಮ ಅಳಿಯಂದ್ರು!"

ಇಂದಿರಾ ಓಡಿ ಬಂದಳು. "ಬಾಯಿ ಮುಚ್ಚಿ ಓದ್ರಿ! ಅಪ್ಪಗ ಗೊತ್ತಾದ್ರ ನನ್ನ ಕಳಸಂಗಿಲ್ಲ."

"ಹೆದರಬ್ಯಾಡ. ಇದು ಸಂಸ್ಕೃತದ ದಾಯಾದಿ ಇದ್ಧಂಗ ಅದ. ಯಾರಿಗೂ ತಿಳ್ಯಂಗಿಲ್ಲ."

ಮಧ್ಯಾಹ್ನ ಪಂಕ್ತಿ ಕುಳಿತಿತು. ನನ್ನ ಪಕ್ಕದಲ್ಲಿ ಸವಣೂರಿನಿಂದ ಬಂದ ಹಿರಿಯ ಆಚಾರ್ಯರು, ಎದುರಿಗೆ ಮಾವನವರು, ಸುತ್ತ ಬಂಧುಬಳಗ. ಎಲೆಗೆ ಹೋಳಿಗೆ ಬಿತ್ತು, ತುಪ್ಪವೂ ಬಿತ್ತು. ಆಪೋಶನಕ್ಕೆಂದು ಎಲ್ಲರ ಬಲಗೈಗೂ ನೀರು ಹಾಕಿದರು. ಇನ್ನೇನು ಅದನ್ನು ಕುಡಿದು ಊಟ ಸುರು ಮಾಡಬೇಕು, ಮಾವನವರು ಎಲ್ಲರನ್ನೂ ತಡೆದರು.

"ಅಳಿಯಂದ್ರು ಒಂದು ಶ್ಲೋಕ ಹೇಳ್ಲಿ. ಆಮ್ಯಾಲೆ ಊಟ."

ಮೂರು ವರ್ಷದ ಕೂಸಿಗೂ ಬರುವ ಶ್ಲೋಕ ನನಗೆ ಬರಲೊಲ್ಲದು. ತಲೆಯೊಳಗೆ ಕೈಹಾಕಿ ತಡಕಿದರೆ ಸಿಕ್ಕಿದ್ದು ದಾಮ್, ದಾಶ್, ದಾಸ್ತ್! ಹೋಳಿಗೆ ಆರುತ್ತಿತ್ತು, ಜನ ಕಾಯುತ್ತಿದ್ದರು. ಕಣ್ಣು ಮುಚ್ಚಿ ಅದನ್ನೇ ಶ್ಲೋಕದ ಧಾಟಿಯಲ್ಲಿ ರಾಗವಾಗಿ ಎರಡು ಸಲ ಹೇಳಿಬಿಟ್ಟೆ.

"ಗೋವಿಂದಾ!" ಎಂದಿತು ಪಂಕ್ತಿ.

ನಾನು ಬೆಚ್ಚಿಬಿದ್ದೆ. ಒಪ್ಪಿಕೊಂಡೇಬಿಟ್ಟರು!

ಆಚಾರ್ಯರು ಮಾತ್ರ ನನ್ನತ್ತ ತಿರುಗಿದರು. "ದಾನದ ಮಾತು ಇದ್ಧಂಗ ಅದ. ಎಲ್ಲೀದಿದು?"

"ಉತ್ತರ ದೇಶದ್ದರಿ."

"ಕಾಶೀದೇನು?"

"ಇನ್ನೂ ಉತ್ತರಕ್ಕರಿ."

"ಬದರಿ?"

"ಅದರಾಚೆ, ಭಾಳ ದೂರರಿ."

ಆಚಾರ್ಯರ ಕಣ್ಣು ತುಂಬಿ ಬಂತು. ಅಂಗೈಯಲ್ಲಿ ನೀರಿರದಿದ್ದರೆ ಕೈಮುಗಿಯುತ್ತಿದ್ದರೇನೋ. "ಅರ್ಥ ಹೇಳ್ರಿ" ಎಂದರು.

ಅರ್ಥವೆಂದೊಡನೆ ಅಭ್ಯಾಸಬಲ ಎದ್ದು ಕುಳಿತಿತು. "ನಾನು ಕೊಡುತ್ತೇನೆ" ಎನ್ನುತ್ತ ಬಲಗೈಯಿಂದ ಎದೆ ತೋರಿಸಹೋದೆ. ಕೈ ಹೊರಳಿ ಅಂಗೈ ನೀರೆಲ್ಲ ಪಕ್ಕದ ಆಚಾರ್ಯರ ಅಂಗೈಗೆ ಸುರಿಯಿತು! ಗಾಬರಿಯಲ್ಲಿ ಅಲ್ಲಿಗೇ ನಿಲ್ಲಿಸಬಾರದೇ? ಇಲ್ಲ. ಎಡಗೈ ಬೆರಳನ್ನು ಮಾವನವರತ್ತ ಚಾಚಿ "ನೀವು ಕೊಡುತ್ತೀರಿ" ಎಂದೆ. ಅವರು ಹೌಹಾರಿದರು. ಅವರ ನೀರೂ ನೆಲಕ್ಕೆ ಬಿತ್ತು. "ಅವರು" ಎಂದು ಉಳಿದವರತ್ತ ತಿರುಗುವಷ್ಟರಲ್ಲಿ ಬಂಧುಬಳಗವೆಲ್ಲ ತಮ್ಮ ತಮ್ಮ ನೀರನ್ನು ಗುಟುಕ್ಕನೆ ಕುಡಿದು ಕೈ ಒರೆಸಿಕೊಂಡಿತ್ತು!

"ಕೊಡ್ತೇನಿ ಅಂದ್ರಿ, ನೀರೂ ಬಿಟ್ರಿ. ದಾನ ಆಗಿಹೋತು" ಎಂದರು ಆಚಾರ್ಯರು ಗಂಭೀರವಾಗಿ. "ನನಗೇನೂ ಆಸೆ ಇಲ್ಲರಿ. ಆದ್ರ ಶಾಸ್ತ್ರ ಬಿಡಬೇಕಲ್ಲ? ಏನು ಕೊಡ್ತೀರಿ ಅಷ್ಟ ಹೇಳ್ರಿ."

ಮೈಮೇಲಿದ್ದದ್ದು ಎರಡೇ: ಉಟ್ಟ ಪೀತಾಂಬರ ಮತ್ತು ಬೆಳಿಗ್ಗೆ ಮಾವನವರು ತೊಡಿಸಿದ ಹೊಸ ಉಂಗುರ. ಪೀತಾಂಬರದ ವಿಚಾರ ಆ ಸ್ಥಳದಲ್ಲಿ ಸಾಧ್ಯವಿರಲಿಲ್ಲ. ಉಂಗುರವೂ ಸುಮ್ಮನೆ ಬರಲಿಲ್ಲ. ಹೋಳಿಗೆಯ ತುಪ್ಪ ಹಚ್ಚಿ ಎಳೆಯಬೇಕಾಯಿತು.

ಉಂಗುರ ಪಡೆದ ಆಚಾರ್ಯರು ಮಾವನವರತ್ತ ತಿರುಗಿದರು. "ವಕೀಲರ, ನಿಮ್ಮ ನೀರೂ ಬಿತ್ತಲ್ಲ?"

"ಮಾತು ನಂದಲ್ಲರಿ, ಅಳಿಯಂದು!" ಮಾವನವರು ವಾದಕ್ಕೆ ನಿಂತರು.

"ನೀರು ಯಾರದರಿ?"

ಜೀವಮಾನದಲ್ಲಿ ಮೊದಲ ಸಲ ಮಾವನವರು ಒಂದೇ ಪ್ರಶ್ನೆಗೆ ಖಟ್ಲೆ ಸೋತರು. "ಹಿತ್ತಲದಾಗ ಕರು ಹಾಕಿದ ಆಕಳ ಅದ..." ಎಂದು ತೊದಲಿದರು. ಒಳಗೆ ಸೌಟು ಬಿದ್ದ ಸದ್ದಾಯಿತು. "ಏನಂದ್ರಿ? ಹಿಂಡೋ ಆಕಳಾ?" ಅದು ಅತ್ತೆಯವರ ದನಿ.

ಸಂಜೆ ಆಕಳು ಕರುವಿನೊಡನೆ ಸವಣೂರಿನ ಹಾದಿ ಹಿಡಿಯಿತು. ಮಾವನವರು ನನ್ನನ್ನು ತೂಗುಮಣೆಗೆ ಕರೆದರು.

"ಈಗ ಖರೇ ಹೇಳ್ರಿ. ಯಾವ ಭಾಷಾ ಅದು?"

"ರಷ್ಯನ್ನರಿ."

ಅವರು ತೂಗುಮಣೆಯನ್ನು ಕಾಲಿನಿಂದ ತಡೆದು ನಿಲ್ಲಿಸಿದರು. ಕೇಳಿದರು, "ರಷ್ಯಾದವರು ಪಂಕ್ತ್ಯಾಗ ಕುಂತು ಉಣ್ತಾರೇನು?"

"ಇಲ್ಲರಿ."

"ಉಂಡಿದ್ರ ಅವರ ಮನ್ಯಾಗೂ ಒಂದು ಆಕಳ ಉಳೀತಿರಲಿಲ್ಲ." ಎದ್ದು ನಿಂತರು. "ಇಂದಿರಾನ ಈಗ ಕಳಸೂದಿಲ್ಲ. ಮೊದಲು ಆ ಪರೀಕ್ಷಾ ಪಾಸಾಗ್ರಿ, ಆಮ್ಯಾಲೆ ನೋಡೂಣು."

ಬಾಗಿಲ ಹಿಂದೆ ಇಂದಿರಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಎಲ್ಲಾ ಬಿಟ್ಟು ಅಪ್ಪಗ ಬೊಟ್ಟು ಮಾಡಿ ತೋರಸ್ತಾರೇನ್ರಿ?" ಎಂದಳು. ಪಾಸಾಗಿಯೇ ಆಗುತ್ತೇನೆಂದು ಅವಳಿಗೆ ಮಾತು ಕೊಟ್ಟು, ಹಾವೇರಿಯಲ್ಲಿ ಒಬ್ಬನೇ ರೈಲು ಹತ್ತಿದೆ. ದಾರಿಯುದ್ದಕ್ಕೂ ದಾಮ್, ದಾಶ್!

ಪರೀಕ್ಷೆಯ ದಿನ ಬಾಯಿಯವರು ನನ್ನನ್ನೇ ಮೊದಲು ಕರೆದು ಒಂದು ಧಾತು ಕೊಟ್ಟು ರೂಪ ಹೇಳೆಂದರು. ಅವರು ಕೇಳಿದ್ದು 'ತೆಗೆದುಕೊಳ್ಳು'!

"ಕೊಡುವುದು ಚೆನ್ನಾಗಿ ಬರುತ್ತದೆ, ಅದನ್ನೇ ಹೇಳಲೇ?" ಎಂದು ಗೋಗರೆದೆ. ಬಾಯಿಯವರು ಇಲ್ಲವೆಂದು ತಲೆಯಾಡಿಸಿ ಮುಂದಿನವನನ್ನು ಕರೆದರು.

ಇಂದಿರಾ ಇನ್ನೊಂದು ವರ್ಷ ಹಾನಗಲ್ಲಿನಲ್ಲೇ ಉಳಿದಳು. ಮನೆಯಲ್ಲಿ ಕರಾವು ಇಲ್ಲದ್ದರಿಂದ ಹಾಲಿಗೆ ಆಚೆ ಓಣಿಗೆ ಹೋಗಬೇಕಾಗಿತ್ತಂತೆ, ಹೋದಾಗಲೆಲ್ಲ ಮನೆಮಂದಿ ನನ್ನ ಹೆಸರು ತೆಗೆಯುತ್ತಿದ್ದರಂತೆ. ದೂರದ ಅಳಿಯನನ್ನು ದಿನವೂ ಬೆಳಿಗ್ಗೆ ಸಂಜೆ ತಪ್ಪದೆ ನೆನೆಯುವ ಮಾವನ ಮನೆ ಎಷ್ಟು ಮಂದಿಗೆ ಸಿಕ್ಕೀತು!