ಶನಿವಾರ ಒಲೆ ಹಚ್ಚದ ಮನೆ

ಎಪ್ಪತ್ತಾರನೇ ಇಸವಿಯ ಚಳಿಗಾಲದಲ್ಲಿ ನಮ್ಮೂರು ದೊಡ್ಡಗಾಜನೂರನ್ನು ಉದ್ಧಾರ ಮಾಡುವ ಮಹಾಭಾರ ನನ್ನ ಹೆಗಲಿಗೆ ಬಿತ್ತು. ಹೊರಿಸಿದವರು ಯಾರೂ ಇಲ್ಲ, ನಾನೇ ಎತ್ತಿಟ್ಟುಕೊಂಡೆ!

ಅರಿಶಿನದ ಲೋಡಿನ ಜೊತೆ ಕೊಚ್ಚಿಗೆ ಹೋಗಿದ್ದೆ. ಅಲ್ಲಿ ನಮ್ಮ ಮಾಲು ಕೊಳ್ಳುವ ಸಾಹುಕಾರರು ಎಲಿಯಾಸ್ ಮುದಲಾಳಿ, ಯೆಹೂದಿಗಳು. ಶುಕ್ರವಾರ ಹೊತ್ತು ಮುಳುಗುವ ಮೊದಲೇ ತಕ್ಕಡಿ ಇಳಿಸಿ ಬೀಗ ಜಡಿದರು. ಶನಿವಾರ ಕತ್ತಲಾಗುವವರೆಗೆ ಅವರ ಮನೆಯಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ, ಬೆಂಕಿ ಹಚ್ಚುವುದಿಲ್ಲ. ಅಡುಗೆ ಮುಂಚೆಯೇ ಮುಗಿದಿರುತ್ತದೆ. ಎಲ್ಲರೂ ಒಟ್ಟಿಗೆ ಕೂತು ಹಾಡಿದರು, ನಕ್ಕರು. "ಆಳಿಗೂ ಎತ್ತಿಗೂ ರಜೆ, ದೇವರ ಅಪ್ಪಣೆ" ಎಂದರು ಮುದಲಾಳಿ. ನನಗೆ ಹೊಟ್ಟೆ ಉರಿಯಿತು. ನಮ್ಮಲ್ಲಿ ಸೋಮವಾರ ರಜೆ ಎತ್ತಿಗೆ ಮಾತ್ರ, ನೊಗ ಕಟ್ಟುವುದಿಲ್ಲ; ಯಜಮಾನನ ಬಗ್ಗೆ ಯಾರೂ ಯೋಚನೆಯನ್ನೇ ಮಾಡಿಲ್ಲ.

ಊರಿಗೆ ಬಂದವನೇ ಹೆಂಡತಿ ಶಿವನಂಜಮ್ಮನಿಗೆ ಘೋಷಿಸಿದೆ:

"ಇನ್ಮೇಲೆ ಶನಿವಾರ ನಮ್ಮನೇಲಿ ಒಲೆ ಅಚ್ಚಂಗಿಲ್ಲ."

"ಉಣ್ಣಾದು?"

"ಶುಕ್ರವಾರವೇ ಮಾಡಿಡು."

"ಎಲ್ಡು ದಿನದ ಗೇಮೆ ಒಂದೇ ದಿನುಕ್ಕೆ. ಒಳ್ಳೆ ರಜಾ ಕಣಿ."

ಆದರೂ ಒಪ್ಪಿದಳು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ದಿನದಂತೆ ಟೀ ಅಂಗಡಿಯಲ್ಲಿ ಕೂತು ನನ್ನ ನೇಮವನ್ನು ಊರಿಗೆಲ್ಲ ಸಾರಿದೆ. ಶುಕ್ರವಾರದ ಮುದ್ದೆಯನ್ನು ಶನಿವಾರ ನುಂಗುವುದಲ್ಲ, ಒಡೆಯಬೇಕಾಗಿತ್ತು. ಧರ್ಮಕ್ಕಾಗಿ ಒಡೆದೆ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮಠದ ಚಿಕ್ಕಬಸಪ್ಪ ಸೈಕಲ್ ಇಳಿದ.

"ಬುದ್ಯೋರು ಆಸನೂರ್ಗೆ ಓಯ್ತಾವ್ರೆ. ದಾರೀಲಿ ನಿಮ್ಮನೇಲೇ ಊಟ ಅಂತ ಅಪ್ಣೆ ಆಗದೆ."

ಅಪ್ಪ ತೀರಿಕೊಂಡ ಮೇಲೆ ಸ್ವಾಮಿಗಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಇವತ್ತು ಉಣ್ಣದೆ ಎದ್ದುಹೋದರೆ ನಾನು ಊರಲ್ಲಿ ಮುಖ ತೋರಿಸುವಂತಿಲ್ಲ. ಅಡುಗೆಮನೆಯಲ್ಲಿ ಇದ್ದದ್ದೆಲ್ಲ ನಿನ್ನೆಯದು. ಸ್ವಾಮಿಗಳ ಎಲೆಗೆ ತಂಗಳು ಬಡಿಸುವುದುಂಟೆ?

ಶಿವನಂಜಮ್ಮ ಆಗಲೇ ಮಿಂದು, ಪಾದಪೂಜೆಗೆ ಹೂವು, ನೀರು ಸಿದ್ಧ ಮಾಡಿ, ಗೋಡೆಗೆ ಒರಗಿ ಕೂತಿದ್ದಳು.

"ಒಲೆ ಅಚ್ಚಮ್ಮಿ."

"ಶನಿವಾರ ಕಣಿ."

"ಇದೊಂದ್ ಸಲ."

"ಊರೆಲ್ಲ ಸಾರ್ಕಂಡು ಬಂದೋರು ನೀವು. ನಾನ್ ಮುರುದ್ರೆ ಜನ ನಿಮ್ಮನ್ನ ನೋಡಿ ನಗಾಕಿಲ್ವಾ?"

ನನ್ನ ಮಾನದ ಬಗ್ಗೆ ಅವಳಿಗೆ ಅದೆಷ್ಟು ಕಾಳಜಿ!

ಆಗ ಕೊಚ್ಚಿಯಲ್ಲಿ ಕೇಳಿದ್ದ ಒಂದು ಉಪಾಯ ನೆನಪಾಯಿತು. ಅವರ ನೇಮ ಇಲ್ಲದ ನೆರೆಯವರು ಬಂದು ದೀಪ ಹಚ್ಚಿಕೊಡಬಹುದಂತೆ. ಆದರೆ 'ಹಚ್ಚು' ಎಂದು ಬಾಯಿಬಿಟ್ಟು ಹೇಳಬಾರದು, ಸುಮ್ಮನೆ ಸೂಚಿಸಬೇಕು. ಪಕ್ಕದ ಮನೆಯ ರುದ್ರಸ್ವಾಮಿಯನ್ನು ಕರೆದೆ.

"ಯಾಕೋ ನಮ್ಮನೆ ಒಲೆ ತಣ್ಣಗದೆ ರುದ್ರಸ್ವಾಮಿ."

"ಚಳಿ ಅಲ್ವಾ ಕಣಣ್ಣ. ಎಲ್ಲಾರ್ ಮನೇಲೂ ಅಂಗೇಯ."

"ಕಡ್ಡಿಪೆಟ್ಗೆ ಒಲೆ ಮುಂದೇನೇ ಅದೆ."

"ತೆಗುದ್ ಮ್ಯಾಲಿಡು. ಐಕ್ಳು ಆಡ್ತವೆ."

ಹಾಗೆಂದು ಜಗಲಿ ಮೇಲೆ ಕೂತ. ಅವನೂ ಸ್ವಾಮಿಗಳ ಜೊತೆ ಊಟಕ್ಕೇ ಬಂದಿದ್ದ.

ಸ್ವಾಮಿಗಳು ಬಂದರು. ಪಾದಪೂಜೆಯಾಯಿತು. ಎಲೆ ಹಾಕಿದ್ದಾಯಿತು. ಖಾಲಿ ಎಲೆಯ ಮುಂದೆ ಕೈಮುಗಿದು ನಿಂತು, ಯೆಹೂದಿ ಧರ್ಮವನ್ನು ವಿಸ್ತಾರವಾಗಿ ಬಣ್ಣಿಸಿದೆ. ಸ್ವಾಮಿಗಳು ಶಾಂತವಾಗಿ ಕೇಳಿದರು.

"ಒಳ್ಳೆಯ ಧರ್ಮ ಶಿವಮಲ್ಲಪ್ಪ. ದುಡಿದ ಜೀವಕ್ಕೆ ವಿಶ್ರಾಂತಿ ಬೇಕು. ಮಿಕ್ಕ ದಿನಗಳಿಗೂ ಏನಾದರೂ ಅಪ್ಪಣೆ ಉಂಟೋ?"

"ಉಂಟು ಬುದ್ದಿ. ಆರು ದಿನ ಚೆನ್ನಾಗಿ ಗೇಯ್ಬೇಕು."

ಹೇಳಿ ನಾಲಿಗೆ ಕಚ್ಚಿಕೊಂಡೆ. ರುದ್ರಸ್ವಾಮಿ ತೊಲೆ ನೋಡತೊಡಗಿದ. ಹೊರಗೆ ನಮ್ಮ ಆಳು ನಂಜ ಕೆಮ್ಮಿದ. ಶಿವನಂಜಮ್ಮ ಸೆರಗು ಹೊದ್ದು ಬಾಗಿಲಿಗೆ ಬಂದಳು.

"ಅಂಗಾರೆ ಈ ನೇಮ ಇವ್ರಿಗೆ ಅಂಟಾಕಿಲ್ಲ ಬುದ್ದಿ. ಆರು ದಿನ ಗೇಯ್ದೋರು ನಾವು. ಇವ್ರು ಒಲೆ ಅಚ್ಚಬೌದು."

ಸ್ವಾಮಿಗಳು ಶಾಲನ್ನು ಬಾಯಿಗೆ ಅಡ್ಡ ಹಿಡಿದರು.

"ಹಚ್ಚಪ್ಪ. ಕಾಯುತ್ತೇವೆ."

ಹೊಗೆಯಲ್ಲಿ ಅತ್ತು, ಸೌದೆ ಊದಿ, ಜನ್ಮದಲ್ಲಿ ಮೊದಲ ಸಲ ಉಪ್ಪಿಟ್ಟು ಕೆದಕಿದೆ. ಅದು ಗಂಟುಗಂಟಾಯಿತು. ಸ್ವಾಮಿಗಳು ಪುಣ್ಯಾತ್ಮರು, ಪೂರ್ತಿ ಉಂಡರು. ಹೊರಡುವಾಗ ಶಿವನಂಜಮ್ಮನಿಗೆ ವಿಭೂತಿ ಕೊಟ್ಟು, "ಈ ವ್ರತ ಬಿಡಬೇಡ ತಾಯಿ. ಪ್ರತಿ ಶನಿವಾರ ನಡೆಯಲಿ" ಎಂದು ಅಪ್ಪಣೆ ಮಾಡಿದರು.

ಗುರುವಿನ ಮಾತು ಮೀರುವ ಹೆಂಗಸಲ್ಲ ಅವಳು. ಎಂಬತ್ತನೇ ಇಸವಿ ದಾಟಿದರೂ ಶನಿವಾರ ಒಲೆಯ ಕಡೆ ತಿರುಗಿ ನೋಡಿಲ್ಲ. ನನ್ನ ಉಪ್ಪಿಟ್ಟು ಈಗ ಗಂಟು ಕಟ್ಟುವುದಿಲ್ಲ.