ಬೋಗಾಣಿ ತಳದ ಸಜ್ಜಕ

ಲಗಮಣ್ಣನ ಮನೆಯ ನೆಮ್ಮದಿ ಕೆಡಿಸಿದ್ದು ಒಂದು ಶೇಂಗಾ ಪೊಟ್ಟಣ.

ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಶೇಂಗಾ ತಿಂದು ಮುಗಿಸಿದವನು ಕಾಗದವನ್ನು ಸುಮ್ಮನೆ ಬಿಸಾಡಿದ್ದರೆ ಆಗುತ್ತಿತ್ತು. ಬಿಡಿಸಿ ಓದಿದ. ‘ಅಡುಗೆಮನೆಯಲ್ಲಿ ಉಳಿತಾಯ: ಜಾಣರಿಗೆ ಹತ್ತು ಸೂತ್ರಗಳು’ ಎಂದಿತ್ತು. ಆ ತುಂಡಿನಲ್ಲಿ ಇದ್ದದ್ದು ಏಳೇ ಸೂತ್ರ. ಮಿಕ್ಕ ಮೂರು ಬೇರೆ ಯಾರದೋ ಶೇಂಗಾದ ಜೊತೆ ಹೋಗಿದ್ದವು.

ಕಬ್ಬಿನ ಸೊಸೈಟಿಯಲ್ಲಿ ಕಾರಕೂನನಾಗಿದ್ದ ಲಗಮಣ್ಣನಿಗೆ ಏಳೇ ಸಾಕಾದವು. ವಾರದ ಅಡುಗೆ ಮೊದಲೇ ಗೊತ್ತು ಮಾಡಿ ಬರೆದಿಡಬೇಕು. ಸಂತೆಗೆ ಹೊತ್ತು ಮುಳುಗುವಾಗ ಹೋಗಬೇಕು. ಯಾವುದೇ ವಸ್ತು ಸಸ್ತಾ ಸಿಕ್ಕ ದಿನವೇ ಕೊಂಡುಬಿಡಬೇಕು. ಅಡುಗೆಮನೆಯ ಗೋಡೆಗೆ ಅನ್ನ ಹಚ್ಚಿ ಒಂದು ಪಟ್ಟಿ ಅಂಟಿಸಿದ: ಸೋಮವಾರ ಜುಣಕ, ಮಂಗಳವಾರ ಹೆಸರುಕಾಳು, ಬುಧವಾರ ಮತ್ತೆ ಜುಣಕ. ಸಂತೆ ಮುಗಿದ ಮೇಲೆ ಹೋಗಿ, ಬಿಸಿಲಿನಲ್ಲಿ ಮಲಗೆದ್ದ ಮೆಂತ್ಯ ಸೊಪ್ಪನ್ನೂ ಅಜ್ಜನ ಕೆನ್ನೆಯಂಥ ಬದನೆಕಾಯಿಯನ್ನೂ ಚೀಲ ತುಂಬ ತಂದ. ಹೆಂಡತಿ ಕಸ್ತೂರೆವ್ವ ಹದಿನೈದು ದಿನ ಸಹಿಸಿದಳು. ಹದಿನಾರನೆಯ ದಿನ ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

“ಕಾಗದದ ಮ್ಯಾಲ ಅಡಗಿ ಮಾಡೂದು ಭಾಳ ಸಸಾರ ಐತ್ರಿ. ಒಲಿ ಮುಂದ ಒಂದ ದಿನಾ ಕುಂತ ತೋರಸ್ರಿ ನೋಡೂಣು.”

“ಒಂದ ದಿನಾ ಯಾಕ, ತಿಂಗಳ ತೋರಸ್ತೀನಿ. ಪ್ಲಾನಿಂಗ್ ಇರಬೇಕ ಕಸ್ತೂರಿ, ಪ್ಲಾನಿಂಗ್!”

“ತಿಂಗಳ ಬ್ಯಾಡ. ಇವತ್ತ ನಾ ಹುಡುಗೂರನ್ನ ಕರಕೊಂಡ ಮಿರಜಿಗಿ ಅಕ್ಕನ ಮನಿಗಿ ಹೊಂಟೀನಿ. ಸಂಜಿ ಗಾಡಿಗಿ ಬರ್ತೀವಿ. ಐದೂ ಮಂದಿಗಿ ಹೊಟ್ಟಿ ತುಂಬ ಊಟ ತಯಾರ ಇರಬೇಕು. ಡಬ್ಬಿಯೊಳಗ ಏನೈತಿ ಅದರಾಗ ಮಾಡಬೇಕು. ಅಂಗಡಿ ಮೆಟ್ಟಲಾ ಹತ್ತಬಾರ್ದು.”

“ಮಾಡಿದ್ರ?”

“ಮಾಡಿದ್ರ ಲೂನಾ ತಗೋರಿ. ಮಾಡ್ಲಿಲ್ಲಂದ್ರ ಮಿಕ್ಸರ್.”

ಗಂಡ ಹೆಂಡಿರು ಸೇರಿ ಎರಡು ವರ್ಷ ಕೂಡಿಸಿಟ್ಟ ಹಣ ಕಸ್ತೂರೆವ್ವನ ಟ್ರಂಕಿನಲ್ಲಿತ್ತು. ಗೆಳೆಯ ಧರೆಪ್ಪ ತನ್ನ ಹಳೆಯ ಲೂನಾ ಮೊಪೆಡ್ ಮಾರಲು ನಿಂತಿದ್ದ. ರುಬ್ಬುವ ಕಲ್ಲಿನ ಮುಂದೆ ಕೂತು ಕಸ್ತೂರೆವ್ವನ ರಟ್ಟೆ ಸೋತಿತ್ತು. ಹಣ ಒಂದು, ಆಸೆ ಎರಡು. ಇವತ್ತು ಸಂಜೆಯೊಳಗೆ ಅದು ತೀರ್ಮಾನವಾಗಬೇಕು.

ಎಂಟರ ಗಾಡಿಗೆ ಅವಳು ಹೋದಳು. ಲಗಮಣ್ಣ ರಜೆ ಚೀಟಿ ಕಳಿಸಿ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದ. ನಾಳೆ ಸಂತೆ, ಅಂದರೆ ಇವತ್ತು ಡಬ್ಬಿಗಳೆಲ್ಲ ತಮ್ಮ ತಳವನ್ನು ತಾವೇ ನೋಡಿಕೊಳ್ಳುವ ದಿನ. ಎರಡು ರೊಟ್ಟಿಗಾಗುವಷ್ಟು ಜೋಳದ ಹಿಟ್ಟು, ಸ್ವಲ್ಪ ಗೋಧಿ ರವೆ, ಒಂದು ಗಟ್ಟಿ ಬೆಲ್ಲ, ಚಾಪುಡಿ. ಸಕ್ಕರೆ ಡಬ್ಬಿಯಲ್ಲಿ ಒಂದು ಇರುವೆ ಮಾತ್ರ ಇತ್ತು, ಅದೂ ಹೊರಗೆ ಹೊರಟಿತ್ತು.

ಪಡಸಾಲೆಯಲ್ಲಿ ತಂಬಾಕು ತಿಕ್ಕುತ್ತಿದ್ದ ತಾಯಿ ಮಲಕವ್ವ ಕೇಳಿದಳು: “ಲಗಮ್ಯಾ, ಪಟ್ಟಿಯೊಳಗ ಇವತ್ತ ಏನ್ ಬರ್ದೀಯೋ?”

“ಬ್ಯಾಳಿ, ಅನ್ನ, ಪಲ್ಯ, ರೊಟ್ಟಿ.”

“ಹಂಗಾರ ಪಟ್ಟೀನ ಕುದಸು. ನನಗ ಹಸಿವಿ ಆಗೇತಿ.”

ಅಷ್ಟರಲ್ಲಿ ಪಕ್ಕದ ಮನೆಯ ಸೋನಾಬಾಯಿ ಬಂದಳು. ಮರಾಠಿ ಮನೆಮಾತಿನವಳು, ಕನ್ನಡ ಮಾತಾಡಿದರೆ ಅರ್ಧ ಸಾಂಗಲಿ, ಅರ್ಧ ಕಾಗವಾಡ. ನಿನ್ನೆ ಕಸ್ತೂರೆವ್ವ ಕೊಟ್ಟಿದ್ದ ಪುಟ್ಟ ಬಟ್ಟಲನ್ನು ವಾಪಸು ತಂದಿದ್ದಳು. ಅದರ ತುಂಬ ಕೆಂಪು ಶೇಂಗಾ ಚಟ್ನಿ.

“ಇದ್ಯಾಕ ತಂದ್ರಿ ಸೋನಾಬಾಯಿ?”

“ಅಗ ಬಾಯಿ! ಬಟ್ಟಲ ಖಾಲಿ ಹ್ಯಾಂಗ ಕೊಡಲಿ ಭಾವೋಜಿ? ತುಂಬಿ ಬಂದದ್ದು ತುಂಬೇ ಹೋಗಬೇಕಲಾ!”

ಅವಳು ಹೋದಳು. ಲಗಮಣ್ಣ ಬಟ್ಟಲನ್ನೇ ನೋಡುತ್ತ ನಿಂತ. ಶೇಂಗಾ ಕಾಗದದಲ್ಲಿ ಸಿಗದಿದ್ದ ಎಂಟನೆಯ ಸೂತ್ರ ಅಂಗೈಯಲ್ಲಿ ಕೂತಿತ್ತು. ಊರಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಪುಟ್ಟ ಬಟ್ಟಲು ಕೊಟ್ಟರೆ ಪುಟ್ಟ ಬಟ್ಟಲು ತುಂಬಿ ಬರುತ್ತದೆ. ಬೋಗಾಣಿಯನ್ನೇ ಕೊಟ್ಟರೆ?

ರವೆ ಹುರಿದ, ಬೆಲ್ಲ ಕುಟ್ಟಿದ. ಮೊದಲ ಸಲ ನೀರು ಹೆಚ್ಚಾಯಿತು, ಆಮೇಲೆ ಬೆಂಕಿ ಹೆಚ್ಚಾಯಿತು. ಮಲಕವ್ವ ಬಾಗಿಲಲ್ಲಿ ನಿಂತು, “ತಿರುವೋ, ತಿರುವೋ, ಕಬ್ಬಿನ ಗಾಣದ ಎತ್ತ ನಿನಗಿಂತಾ ಜೋರ ತಿರಗತೈತಿ” ಎಂದು ಹುರಿದುಂಬಿಸಿದಳು. ಕೊನೆಗೂ ಸಜ್ಜಕ ಎನ್ನಬಹುದಾದ ಒಂದು ಪದಾರ್ಥ ತಯಾರಾಯಿತು. ಅಟ್ಟದ ಮೇಲಿನಿಂದ ನಾಲ್ಕು ದೊಡ್ಡ ಬೋಗಾಣಿ ಇಳಿಸಿದ. ಒಂದೊಂದಕ್ಕೂ ಒಂದೇ ಸೌಟು. ಬೋಗಾಣಿಯ ತಳದಲ್ಲಿ ಸಜ್ಜಕ ಹಾಳುಬಾವಿಗೆ ಬಿದ್ದ ಕಪ್ಪೆಯಂತೆ ಕಾಣುತ್ತಿತ್ತು.

ತಾನೇ ಹೊತ್ತು ಹೊರಟ. ತಪ್ಪಾದದ್ದು ಅಲ್ಲೇ. ಆ ಓಣಿಯಲ್ಲಿ ಮನೆಯಿಂದ ಮನೆಗೆ ತಿಂಡಿ ಒಯ್ಯುವವರು ಹೆಣ್ಣುಮಕ್ಕಳು. ಮೀಸೆಯಿರುವ ಗಂಡಸೊಬ್ಬ ಹಗಲು ಹತ್ತಕ್ಕೆ, ಸೊಸೈಟಿಗೆ ರಜೆ ಹಾಕಿ, ಹಂಡೆಯಂಥ ಬೋಗಾಣಿಯಲ್ಲಿ ಸಿಹಿ ಹಂಚುತ್ತಾನೆಂದರೆ ಸುಮ್ಮನಾಗುತ್ತದೆಯೇ?

“ಏನ ವಿಶೇಷ ಭಾವೋಜಿ?” ಎಂದಳು ಸೋನಾಬಾಯಿ.

“ಏನಿಲ್ರಿ, ಸುಮ್ನ.”

“ಏನ ಸುದ್ದೀಪಾ?” ಎಂದಳು ಎದುರು ಮನೆಯ ಎಮ್ಮೆ ಕಾಳವ್ವ. ಎಮ್ಮೆ ಸಾಕಿದ್ದಕ್ಕೆ ಆ ಹೆಸರು, ಬೇರೆ ಯಾವ ಕಾರಣಕ್ಕೂ ಅಲ್ಲ ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

“ಸುದ್ದಿ ಎಲ್ಲೀದ ಅಕ್ಕಾ, ಸುಮ್ನ.”

ದ್ರಾಕ್ಷಿ ತೋಟದ ಧಣಿ ತಾತ್ಯಾಸಾಹೇಬರು ಬೋಗಾಣಿಯೊಳಗೆ ಬಗ್ಗಿ ನೋಡಿ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು. ಧರೆಪ್ಪ ಕಣ್ಣು ಹೊಡೆದು, “ದೋಸ್ತಾ, ನನ್ನ ಮುಂದ ಮುಚ್ಚಿಡಬ್ಯಾಡ” ಎಂದ.

ಹನ್ನೆರಡರ ಹೊತ್ತಿಗೆ ನಾಲ್ಕೂ ಬೋಗಾಣಿ ವಾಪಸು ಬಂದವು. ಲಗಮಣ್ಣ ಓಡಿ ಮುಚ್ಚಳ ತೆಗೆದ. ಒಂದೊಂದರ ತಳದಲ್ಲೂ ಒಂದೊಂದು ಚಿಟಿಕೆ ಸಕ್ಕರೆ!

ಅವಸರದಲ್ಲಿ ತುಂಬಲು ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ ಹಾಕಿ ಶಾಸ್ತ್ರ ಮುಗಿಸುವುದೂ ಉಂಟು ಎಂಬುದು ಅವನಿಗೆ ಹೊಳೆದಿರಲಿಲ್ಲ. ಅವಸರವೇಕೆಂದರೆ, ಬೋಗಾಣಿಗಳ ಹಿಂದೆ ನಾಲ್ಕೂ ಮನೆಯವರು ವಿಚಾರಿಸಲು ಬಂದಿದ್ದರು. ಬಂದವರಿಗೆ ಚಾ ಆಗಬೇಕಲ್ಲ. ನಾಲ್ಕು ಚಿಟಿಕೆ ಸಕ್ಕರೆ ಒಟ್ಟು ಮಾಡಿ, ಮುಂಜಾನೆಯ ಉಳಿದ ಹಾಲಿಗೆ ಹಾಕಿ ನಾಲ್ಕು ಕಪ್ ಚಾ ಮಾಡಿದ. ತಂದವರ ಸಕ್ಕರೆ ತಂದವರ ಹೊಟ್ಟೆಗೇ ಹೋಯಿತು.

“ಬಡ್ತಿ ಸಿಕ್ಕೇತಿ” ಎಂದಳು ಕಾಳವ್ವ. “ಮಾರಿ ನೋಡ್ರಿ, ಮ್ಯಾನೇಜರ್ ಮಾರಿ ಆಗೇತಿ.”

“ಬಡ್ತಿ ಅಲ್ಲ ಬೇ. ಲಾಟ್ರಿ!” ಎಂದ ಧರೆಪ್ಪ. “ಮೊನ್ನಿ ಮಿರಜ ಸ್ಟೇಶನ್ನಿನ್ಯಾಗ ತಿಕೀಟ ಕೊಂಡಿದ್ದ ನಾ ಕಂಡೀನಿ.”

“ಅದು ಪ್ಲಾಟ್‌ಫಾರ್ಮ್ ತಿಕೀಟೋ!” ಎಂದ ಲಗಮಣ್ಣ. ಯಾರೂ ಕೇಳಲಿಲ್ಲ.

ತಾತ್ಯಾಸಾಹೇಬರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಸೊಸೈಟಿ ಇಲೆಕ್ಷನ್ ಬಂದೈತಿ. ಕಾರಕೂನಕಿ ಬಿಟ್ಟ ನಿಂದ್ರಾಂವ ಅದಾನ. ಮನಿ ಮನಿಗಿ ಸಿಹಿ ಯಾಕ ಹಂಚ್ಯಾನ? ಲಗಮಣ್ಣಾ, ಚಿನ್ಹಾ ಯಾವ್ದು? ಬೋಗಾಣಿ ಏನು?”

ಸೋನಾಬಾಯಿ ಮಾತ್ರ ಎಲ್ಲರನ್ನೂ ಕರುಣೆಯಿಂದ ನೋಡಿದಳು. “ಖುಳೇ, ಹುಚ್ಚರ ಅದೀರಿ ಎಲ್ಲಾರೂ. ಕಸ್ತೂರಿ ಎಲ್ಲಿ ಹೋಗ್ಯಾಳ? ಮಿರಜಿಗಿ. ಮಿರಜಿಗಿ ಮಂದಿ ಯಾಕ ಹೋಗ್ತಾರ? ದವಾಖಾನಿಗಿ! ಸಣ್ಣ ಕೂಸ ಹುಟ್ಟಿ ಹತ್ತ ವರ್ಷದ ಮ್ಯಾಲ ಮತ್ತ ದೇವ್ರ ಕಣ್ಣ ತೆರದಾನ.”

ಲಗಮಣ್ಣನ ಕೈಯಿಂದ ಚಾದ ಜರಡಿ ಬಿತ್ತು. ಅಷ್ಟೇ ಸಾಕಾಯಿತು. ಕಾಳವ್ವ ಗಲ್ಲಕ್ಕೆ ಕೈ ಹಚ್ಚಿ, “ಯವ್ವಾ ಯವ್ವಾ, ನಾಚಿಕೊಂಡಾ!” ಎಂದಳು.

“ಹಂಗೇನಿಲ್ರಿ! ಖರೆ ಹೇಳ್ತೀನಿ, ಏನೂ ಇಲ್ಲ!”

“ಇಷ್ಟ ಜೋರ ಇಲ್ಲ ಅಂತಾನಂದ್ರ ಏನೋ ಐತಿ” ಎಂದರು ತಾತ್ಯಾಸಾಹೇಬರು. ಎಲ್ಲರೂ ಎದ್ದರು. ಹೋಗುವಾಗ ಸೋನಾಬಾಯಿ ತಿರುಗಿ ಹೇಳಿದಳು: “ಇಂಥಾ ಸುದ್ದಿಗಿ ಚಿಟಿಕಿ ಸಕ್ಕರಿ ಶೋಭಾ ಅಲ್ಲ. ಸಂಜಿಗಿ ಬರ್ತೀವಿ ಭಾವೋಜಿ. ಬೋಗಾಣಿ ಇಲ್ಲಿ ಕೊಡ್ರಿ.”

ಬೋಗಾಣಿಗಳು ಮತ್ತೆ ಹೊರಟವು. ಲಗಮಣ್ಣ ನಾಲಿಗೆಯ ತುದಿಗೆ ಬಂದಿದ್ದ ನಿಜವನ್ನು ನುಂಗಿಕೊಂಡ. ಅವತ್ತು ಅವನ ಹೊಟ್ಟೆಗೆ ಹೋದ ಮೊದಲ ತುತ್ತು ಅದೇ. ಮಧ್ಯಾಹ್ನ ಇದ್ದ ಹಿಟ್ಟಿನಲ್ಲಿ ಎರಡು ರೊಟ್ಟಿ ತಟ್ಟಿದ. ಒಂದು ಭೂಪಟದಂತೆ ಆಯಿತು, ಇನ್ನೊಂದು ಕರ್ನಾಟಕ-ಮಹಾರಾಷ್ಟ್ರ ಗಡಿಯಂತೆ ಎಲ್ಲೆಲ್ಲೋ ಹೊರಳಿತು. ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತ ಮಲಕವ್ವ ಹೇಳಿದಳು: “ಸಂಜಿಗಿ ಅವ್ರ ಬರ್ಲಿಲ್ಲಂದ್ರ ನಿನ್ನ ಹೆಂಡ್ತಿ ನಿನ್ನ ಪಟ್ಟಿ ತಿನ್ನಸ್ತಾಳ ನಿನಗ.”

ಮೂರಾಯಿತು, ನಾಲ್ಕಾಯಿತು. ಐದರ ಹೊತ್ತಿಗೆ ಓಣಿಯಲ್ಲಿ ವಾಸನೆ ಎದ್ದಿತು. ಸೋನಾಬಾಯಿಯ ಮನೆಯಿಂದ ಹೂರಣದ್ದು, ಕಾಳವ್ವನ ಮನೆಯಿಂದ ಎಣ್ಣೆಗಾಯಿಯದು. ಲಗಮಣ್ಣ ಕಟ್ಟೆಯ ಮೇಲೆ ಕೂತು ಮೂಗನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದ. ಏಳಕ್ಕೆ ಸರಿಯಾಗಿ ಮೆರವಣಿಗೆ ಬಂತು. ಸೋನಾಬಾಯಿಯ ಬೋಗಾಣಿಯಲ್ಲಿ ಹೋಳಿಗೆ, ಕಾಳವ್ವನದರಲ್ಲಿ ಬದನೆಕಾಯಿ ಎಣ್ಣೆಗಾಯಿ, ಅದರ ಮೇಲೊಂದು ಕೆನೆಮೊಸರಿನ ಗಡಿಗೆ. ತಾತ್ಯಾಸಾಹೇಬರ ಆಳು ಹೊತ್ತದ್ದು ಮಸಾಲೆ ಅನ್ನ. ಧರೆಪ್ಪ ಲೂನಾ ಮೇಲೆ ಕಟ್ಟಿನ ಸಾರು ತಂದು, ಗಾಡಿಯನ್ನು ಲಗಮಣ್ಣನ ಕಣ್ಣಿಗೆ ಬೀಳುವಂತೆ ಕಟ್ಟೆಯೆದುರೇ ನಿಲ್ಲಿಸಿದ.

ಐದು ಮಂದಿಯಲ್ಲ, ಹದಿನೈದು ಮಂದಿಯ ಊಟ. ಅಂಗಡಿ ಮೆಟ್ಟಿಲು ಹತ್ತಿಲ್ಲ. ಲಗಮಣ್ಣ ಮನಸ್ಸಿನಲ್ಲೇ ಲೂನಾ ಏರಿ ಐನಾಪುರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಮುಚ್ಚಳಕ್ಕೆ ಕೈ ಹಾಕಿದ.

ಸೋನಾಬಾಯಿ ಅವನ ಕೈಮೇಲೆ ಕೈಯಿಟ್ಟಳು. “ಮೊದ್ಲ ಸುದ್ದಿ. ಆಮ್ಯಾಲ ಹೋಳಗಿ.”

“ಹೌದಪಾ” ಎಂದರು ತಾತ್ಯಾಸಾಹೇಬರು. “ಮುಂಜಾನಿಂದ ಓಣಿ ತುಂಬ ಕೆಲಸಾ ನಿಂತೈತಿ ನಿನ್ನ ಸಲುವಾಗಿ.”

ಎಂಟು ಕಣ್ಣು ಅವನ ಬಾಯಿಯನ್ನೇ ನೋಡುತ್ತಿದ್ದವು. ಸುದ್ದಿಯಿಲ್ಲ ಎಂದರೆ ಬೋಗಾಣಿಗಳು ಬಂದ ದಾರಿಗೆ ಹೋಗುತ್ತವೆ. ಇದೆ ಎಂದರೆ ಯಾವುದನ್ನು ಹೇಳುವುದು? ಬಡ್ತಿ ಎಂದರೆ ನಾಳೆ ಸೊಸೈಟಿಯಲ್ಲಿ ಗೊತ್ತಾಗುತ್ತದೆ. ಲಾಟರಿ ಎಂದರೆ ಇವತ್ತೇ ಸಾಲ ಕೇಳುತ್ತಾರೆ. ಸೋನಾಬಾಯಿಯ ಊಹೆಯನ್ನು ಒಪ್ಪಿದರೆ ಕಸ್ತೂರೆವ್ವ ಜೀವಂತ ಬಿಡುವುದಿಲ್ಲ. ಲಗಮಣ್ಣ ಬಾಯಿ ತೆರೆದ, ಮುಚ್ಚಿದ. ನೀರಿನಿಂದ ತೆಗೆದ ಕೃಷ್ಣಾ ನದಿಯ ಮೀನು ಕೂಡ ಅಷ್ಟು ಸಲ ಬಾಯಿ ತೆರೆಯುವುದಿಲ್ಲ.

“ಅದು... ಏನಂದ್ರ...”

ಓಣಿಯ ತುದಿಯಲ್ಲಿ ಮಕ್ಕಳ ಗದ್ದಲ ಕೇಳಿಸಿತು. ಕಸ್ತೂರೆವ್ವ ಬರುತ್ತಿದ್ದಳು. ಸೊಂಟದ ಮೇಲೆ ಒಂದು ದೊಡ್ಡ ರಟ್ಟಿನ ಡಬ್ಬಿ.

“ಅಗ ಬಾಯಿ, ಇಂಥಾದ್ರಾಗ ಭಾರ ಹೊತ್ತೀಯಾ!” ಎಂದು ಸೋನಾಬಾಯಿ ಓಡಿಹೋಗಿ ಡಬ್ಬಿ ಕಿತ್ತುಕೊಂಡಳು. “ನಿನಗ ಸ್ವಲ್ಪರೆ ಬುದ್ಧಿ ಐತೇನ? ಡಾಕ್ಟರ ಏನಂದ್ರು?”

“ಯಾವ ಡಾಕ್ಟರ ಬೇ? ಅದನ್ನ ಹಗೂರ ಇಡು, ಒಡದೀತು. ಮಿಕ್ಸರ್ ಐತಿ!”

ಕಾಳವ್ವ ಮೊದಲು ಚೇತರಿಸಿಕೊಂಡಳು. “ಮಿಕ್ಸರ್! ಅದಕ್ಕ ಸಜ್ಜಕಾ! ಹೇಳಬಾರ್ದೇನೋ ಲಗಮಣ್ಣಾ, ಹೆಂಡ್ತಿಗಿ ಮಿಕ್ಸರ್ ಕೊಡ್ಸಾಕತ್ತೀನಿ ಅಂತ?”

“ಹೊಟ್ಯಾಗ ಎಷ್ಟ ಮುಚ್ಚಿಟ್ಟಿದ್ದ ನೋಡ್ರಿ” ಎಂದರು ತಾತ್ಯಾಸಾಹೇಬರು. “ಗಂಡ ಅಂದ್ರ ಹಿಂಗಿರಬೇಕ.” ಸೋನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೋಗಾಣಿಗಳ ಮುಚ್ಚಳ ಒಂದೊಂದಾಗಿ ತೆರೆದವು.

ಲಗಮಣ್ಣ ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. “ಕಸ್ತೂರಿ, ಹೊರಗ ನೋಡಿದಿಲ್ಲ? ಹದಿನೈದ ಮಂದಿ ಊಟ! ಅಂಗಡಿ ಮಾರಿ ಸುದ್ದಾ ನೋಡಿಲ್ಲ. ನಾ ಗೆದ್ದೀನಿ. ಲೂನಾ ನಂದು!”

“ಗೆದ್ರಿ, ಖರೆ” ಎಂದಳು ಕಸ್ತೂರೆವ್ವ. ಅವಳ ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು. “ನೀವ ಸೋಲ್ತೀರಿ ಅಂತ ನಾ ಟ್ರಂಕಿನ್ಯಾಗಿನ ದುಡ್ಡು ಮೊದ್ಲ ಒಯ್ದಿದ್ನಿ. ಅಂಗಡ್ಯಾಗ ಹೋದ್ರ ಇವತ್ತ ಒಂದ ದಿನಾ ನೂರಾ ಐವತ್ತ ರೂಪಾಯಿ ಕಮ್ಮಿ ಅಂದ್ರು. ಸಸ್ತಾ ಸಿಕ್ಕ ದಿನಾನ ಕೊಳ್ಳಬೇಕು ಅಂತ ಹದಿನೈದ ದಿನಾ ಆತು, ನೀವ ಕಿವ್ಯಾಗ ಊದಾಕತ್ತೀರಿ. ನಿಮ್ಮ ಮಾತ ಮೀರಿ ಹೆಂಗ ಬರ್ಲಿ? ಬಿಲ್ಲ ನೋಡ್ರಿ, ನಿಮ್ಮ ಹೆಸರೀಲೇನ ಮಾಡ್ಸೀನಿ.”

ಹೊರಗೆ ತಾತ್ಯಾಸಾಹೇಬರ ದನಿ ಕೇಳಿಸಿತು: “ಧರೆಪ್ಪಾ, ಹಂಗಾರ ನಿನ್ನ ಲೂನಾ ಬಿಟ್ಟಂಗಾತು. ನಮ್ಮ ತೋಟಕ್ಕ ಔಷಧಿ ಒಯ್ಯಾಕ ಇರ್ಲಿ, ನಾಳಿ ತಂದ ನಿಲ್ಸು.”

ಲಗಮಣ್ಣ ಕೊನೆಯ ಪ್ರಯತ್ನ ಮಾಡಿದ. “ಕರೆಂಟ್ ಬಿಲ್ ಯಾರ ಕಟ್ಟಾವ್ರು? ನಾಳಿಂದ ಓಣ್ಯಾನ ಹೆಣ್ಣಮಕ್ಕಳೆಲ್ಲಾ ಇಲ್ಲೇ ಅರ್ಯಾಕ ಬರ್ತಾರ, ನೋಡ್ಕೋತ ಇರು.”

“ಬರ್ಲಿ. ಅರಕೊಂಡ ಹೋಗೂ ಮುಂದ ಒಂದ ಸೌಟ ಬಿಟ್ಟ ಹೋಗ್ಬೇಕು ಅಂತ ಬಸ್ಸಿನ್ಯಾಗ ಕುಂತ ಲೆಕ್ಕಾ ಹಾಕೀನಿ. ಸೋನಾಬಾಯಿದು ಶೇಂಗಾ ಚಟ್ನಿ, ಕಾಳವ್ವಂದು ಗುರೆಳ್ಳ ಚಟ್ನಿ, ತಾತ್ಯಾಸಾಹೇಬ್ರ ಮನಿದು ಮಸಾಲಿ. ಇನ್ನ ಪಲ್ಯಾ ಯಾಕ ಬೇಕ್ರಿ ನಮಗ? ರೊಟ್ಟಿ, ಚಟ್ನಿ. ವರ್ಷಾನಗಟ್ಲೆ ಉಳತಾಯ!”

ಲಗಮಣ್ಣ ಆ ಸೂತ್ರವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಎಲ್ಲೂ ತಪ್ಪು ಸಿಗಲಿಲ್ಲ.

“ಕಾರಕೂನ ಸಾಹೇಬ್ರ, ಬರ್ರಿ, ಹೋಳಗಿ ಆರ್ತೈತಿ!” ಎಂದು ಹೊರಗಿನಿಂದ ಎಲ್ಲರೂ ಕೂಗಿದರು. ಅವನು ಹೋಗಿ ಸಾಲಿನಲ್ಲಿ ಕೂತ. ಊಟ ಮುಗಿದು ಎಲ್ಲರೂ ಏಳುವಾಗ ಧರೆಪ್ಪ ಲೂನಾದ ಪೆಡಲ್ ತುಳಿದ. ಅದು ಎಂದೂ ಇಲ್ಲದಂತೆ ಒಂದೇ ತುಳಿತಕ್ಕೆ ಶುರುವಾಯಿತು. ಆ ಸದ್ದು ಓಣಿಯ ತಿರುವಿನಲ್ಲಿ ಕರಗುವವರೆಗೂ ಕೇಳುತ್ತ ಕೂತಿದ್ದ ಲಗಮಣ್ಣ, ಕೊನೆಗೆ ತಾಟನ್ನು ಮುಂದಕ್ಕೆ ತಳ್ಳಿ ಹೆಂಡತಿಗೆ ಹೇಳಿದ:

“ಇನ್ನೊಂದ ಹೋಳಗಿ ಹಾಕು. ತುಪ್ಪಾ ಜರಾ ಕೈ ಬಿಟ್ಟ ಹಾಕು, ನಾಳಿಂದ ಚಟ್ನಿ ಐತಿ.”