ಐನೂರು ಡಾಲರಿನ ಬಂದೂಕು, ಆರು ದಿನದ ಪಾರ್ಶ್ವವಾಯು

“ಕೇಳು ಗಿಲ್ಮನ್, ಜಿಂಕೆ ಬಂದೂಕು ಕೊಳ್ಳೋದು ಅಂದ್ರೆ ಹಸು ಕೊಂಡ ಹಾಗೆ. ಮೈಬಣ್ಣಕ್ಕೆ ಮರುಳಾದೋನು ಕೆಟ್ಟ. ಕೈಯಲ್ಲಿ ಕಾಸು ಕಮ್ಮಿ ಇದ್ಯಾ? ಬಂದೂಕು ಹಳೇದು ತಗೋ, ಅದರ ಮೇಲೆ ಕೂರಿಸೋ ದುರ್ಬೀನು ಹೊಸದು ತಗೋ. ಹಳೇ ನಳಿಗೆ ಗುಂಡು ಹೊಡೆಯೋದು ಮರೆಯಲ್ಲ. ಆದ್ರೆ ಅಗ್ಗದ ಗಾಜು ಇದೆಯಲ್ಲ, ಅದು ಬೆಳಕು ಹರಿಯೋ ಹೊತ್ತಲ್ಲಿ ಜಿಂಕೆ ಯಾವುದು, ಪೊದೆ ಯಾವುದು ಅಂತ ಹೇಳಲ್ಲ. ಭಾರೀ ತೋಟಾನೂ ಬೇಡ. ನಮ್ಮ ಕಾಡಲ್ಲಿ ನೂರು ಗಜದಾಚೆ ಮರ ಬಿಟ್ಟು ಇನ್ನೇನು ಕಾಣುತ್ತೆ? ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸಿದ್ರೆ ಧಾರಾಳ, ನೀನೇನು ಚಂದ್ರನ ಮೇಲಿನ ಗುಂಡಿ ಎಣಿಸೋಕೆ ಹೋಗ್ತಿಲ್ಲ. ಕೊನೇದಾಗಿ, ಕಣ್ಣು ಮುಚ್ಕೊಂಡು ಬಂದೂಕನ್ನ ಹೆಗಲಿಗೆ ಏರಿಸು. ಕಣ್ಣು ಬಿಟ್ಟಾಗ ಗಾಜಿನ ತುಂಬ ಬೆಳಕಿದ್ರೆ ಅದು ನಿನ್ನದು. ಇಲ್ದಿದ್ರೆ ವಾಪಸ್ ಗೋಡೆಗೆ!”

ಇದು ನನ್ನ ಗಂಡ ಆರ್ವಿಡ್ ನನ್ನ ತಮ್ಮ ಗಿಲ್ಮನ್‌ಗೆ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೊಟ್ಟ ಉಪನ್ಯಾಸ. ಇಂಥವನ್ನು ಕಾಫಿ ಬಗ್ಗಿಸುತ್ತಾ ನಲವತ್ತೊಂಬತ್ತು ವರ್ಷ ಕೇಳಿದ್ದೇನೆ. ನಾನು ಓದಿದ್ದು ಎಂಟನೆಯ ತರಗತಿ. ಆಮೇಲೆ ಹಸುಗಳೇ ನನ್ನ ಕಾಲೇಜು. ಆದರೆ ನನ್ನ ಕಿವಿಗಳು ಮಾತ್ರ ವಿಶ್ವವಿದ್ಯಾಲಯಕ್ಕೇ ಹೋಗಿ ಬಂದವು!

ಅಂಥ ಪಂಡಿತನ ಬಂದೂಕು ಮೂರು ವರ್ಷದಿಂದ ಒಂದು ಜಿಂಕೆಯನ್ನೂ ಕೆಡವಿರಲಿಲ್ಲ. ಮೊದಲ ವರ್ಷ ಗಾಳಿಯ ತಪ್ಪು. ಎರಡನೆಯ ವರ್ಷ ತೋಟಾದ ತಪ್ಪು. ಮೂರನೆಯ ವರ್ಷ ಅವನಪ್ಪನ ಕಾಲದ ಬಂದೂಕಿನದೇ ತಪ್ಪು. ಈ ಅಕ್ಟೋಬರಿನಲ್ಲಿ ಒಂದು ದಿನ ಬೂಟು ಬಿಚ್ಚುತ್ತಾ, “ಈ ಸಲಾನೂ ಬರಿಗೈಲಿ ಬಂದ್ರೆ ಮುಗೀತು ವರ್ನಾ. ಗುಡಿಸಲಲ್ಲಿ ನನ್ನ ಮಂಚ ಬೇರೆ ಯಾರಿಗಾದ್ರೂ ಬಿಟ್ಟುಕೊಡ್ತೀನಿ” ಎಂದ. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ನವೆಂಬರಿನಲ್ಲೂ ಆ ಬೇಟೆ ಗುಡಿಸಲಿನ ಮಂಚದ ಮೇಲೆ ಮಲಗಿದ ಮನುಷ್ಯ! ಅದನ್ನು ಬಿಟ್ಟರೆ ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು ಸೊರಗುತ್ತಾನೆ ಎಂದು ನನಗೆ ಗೊತ್ತಿತ್ತು. ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಮೊಟ್ಟೆ ಮಾರಿ ಕೂಡಿಟ್ಟ ಐನೂರು ಡಾಲರಿನಲ್ಲಿ, ವಿಸ್ಕಾನ್ಸಿನ್‌ನ ಯಾವ ಗಂಡಸೂ ಆರಿಸದಂಥ ಬಂದೂಕು ಆರಿಸಿ ತರುತ್ತೇನೆ!

ಹಾಗೇ ಆಯಿತು. ಯಾವ ಗಂಡಸೂ ಆರಿಸಿರಲಿಲ್ಲ.

ನಮ್ಮೂರಿನ ಬಂದೂಕಿನ ಅಂಗಡಿಯಲ್ಲಿ ಹೇಳಿದ ಗುಟ್ಟು ಮಧ್ಯಾಹ್ನದೊಳಗೆ ಹಾಲಿನ ಡೇರಿ ತಲುಪುತ್ತದೆ. ಅದಕ್ಕೇ ಅಂಗಡಿಯವನು “ಯಾರಿಗಮ್ಮಾ ಬಂದೂಕು?” ಎಂದಾಗ “ನನಗೇ ಕಣಪ್ಪಾ, ಇನ್ಯಾರಿಗೆ?” ಎಂದುಬಿಟ್ಟೆ. ಅವನು ಒಂದೊಂದಾಗಿ ಇಳಿಸಿಕೊಟ್ಟ. ನಾನು ಒಂದೊಂದಾಗಿ ಕಣ್ಣು ಮುಚ್ಚಿ ಹೆಗಲಿಗೆ ಏರಿಸಿದೆ. ಎಲ್ಲವೂ ಅತ್ತೆಮನೆಗೆ ಬಂದ ಹೊಸ ಸೊಸೆಯಂತೆ ಬಿಗಿಬಿಗಿ. ಒಂಬತ್ತನೆಯದು ಮಾತ್ರ ತಾನಾಗಿ ಬಂದು ಹೆಗಲಲ್ಲಿ ಕೂತಿತು! ತೋಟಾ ಏರಿಸಲು ಎಳೆಯುವ ಬೋಲ್ಟಿನ ಹಿಡಿ ಹುಡುಕದೆಯೇ ಬೆರಳಿಗೆ ಸಿಕ್ಕಿತು. ಹಿಂದಕ್ಕೆಳೆದರೆ ಬೆಣ್ಣೆ.

“ಮೂರು ವರ್ಷದಿಂದ ಇದನ್ನ ಯಾರೂ ಮುಟ್ಟಿರಲಿಲ್ಲಮ್ಮಾ. ದೇವರೇ ಕಳಿಸಿದ್ದು ನಿಮ್ಮನ್ನ!” ಎಂದು ಅಂಗಡಿಯವನು ಕಣ್ಣರಳಿಸಿ ಬೆಲೆ ಅರ್ಧಕ್ಕೆ ಇಳಿಸಿದ. ನನ್ನ ಪರಿಣತಿಗೆ ಬೆರಗಾದ ಎಂದುಕೊಂಡೆ. ಉಳಿದ ಹಣದಲ್ಲಿ ಒಳ್ಳೆಯ ದುರ್ಬೀನು ಕೊಂಡೆ. ಅದನ್ನು ಅವನು ನನ್ನ ಕಣ್ಣಿಗೇ ಅಳತೆ ಹಿಡಿದು ತಿರುಪು ಬಿಗಿದುಕೊಟ್ಟ.

ಭಾನುವಾರ ಚರ್ಚಿನಿಂದ ಬಂದಮೇಲೆ ಪೆಟ್ಟಿಗೆಯನ್ನು ಗಂಡನ ಮುಂದಿಟ್ಟೆ. ಬಿಚ್ಚಿದ. ಎತ್ತಿದ. ಬಲಗೈ ಬೋಲ್ಟಿನ ಕಡೆ ಹೋಗಿ, ಮೂಗಿನ ಮೇಲಿರುವ ಕನ್ನಡಕವನ್ನು ಮೇಜಿನ ಮೇಲೆ ಹುಡುಕುವವನಂತೆ ಗಾಳಿಯಲ್ಲಿ ತಡಕಾಡಿತು. ನನ್ನ ಮುಖ ನೋಡಿದ. ಮತ್ತೆ ಬಂದೂಕು ನೋಡಿದ.

“ಹೇಗಿದೆ?”

“ಇಂಥದ್ದು... ನನ್ನ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ ಕಣೇ” ಎಂದ. ಕಣ್ಣಲ್ಲಿ ನೀರು. ನಾನು ಅಡುಗೆಮನೆಗೆ ಹೋಗಿ ಕನ್ನಡಿಯಲ್ಲಿ ನನ್ನನ್ನೇ ಒಮ್ಮೆ ಮೆಚ್ಚಿಕೊಂಡು ಬಂದೆ.

ಗ್ರಹಚಾರ ಶುರುವಾದದ್ದು ಸೋಮವಾರ. ಆರ್ವಿಡ್ ಎಡಗೈಯಲ್ಲಿ ಚಮಚ ಹಿಡಿದು ಬಟಾಣಿ ಸಾರು ಕುಡಿದ. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಮಂಗಳವಾರ ಮುಖಕ್ಷೌರ ಮಾಡಿಕೊಂಡು ಬಂದವನ ಗಲ್ಲದ ಮೇಲೆ ಏಳು ಕಡೆ ಗಾಯಕ್ಕೆ ಅಂಟಿಸಿದ ಕಾಗದದ ಚೂರು! ಬುಧವಾರ ಗೋಡೆಯ ಕ್ಯಾಲೆಂಡರಿನ ಹಸುವಿಗೆ ಬಲಗಣ್ಣು ಮಿಟುಕಿಸುತ್ತಿದ್ದ. ಗುರುವಾರ ಪಾದ್ರಿಗಳು ಕೈ ಚಾಚಿದರೆ ಎಡಗೈ ಕೊಟ್ಟ.

“ಬಲಗೈಗೆ ಏನಾಗಿದೆ ಮಾರಾಯ?”

“ಏನೂ ಇಲ್ಲ. ದುಡಿದು ಸಾಕಾಗಿದೆ, ರಜ ಕೊಟ್ಟಿದೀನಿ.”

ಚರ್ಚಿನ ಕಾಫಿ ಮೇಜಿನಲ್ಲಿ ನಾನು ಕೇಳದ ರೋಗವಿಲ್ಲ. ಒಂದು ಕಡೆಯ ಕೈ ಸೋಲುವುದು, ಒಂದು ಕಣ್ಣು ಮುಚ್ಚುವುದು, ಮಾತು ಬದಲಿಸುವುದು: ಪಾರ್ಶ್ವವಾಯುವಿನ ಲಕ್ಷಣ ಹನುಮಂತನ ಬಾಲದಷ್ಟು ಉದ್ದವಾಗಿ ನನ್ನ ತಲೆಯಲ್ಲಿತ್ತು. ಶುಕ್ರವಾರ ಅವನು ಹೇಳದೆ ಕೇಳದೆ ಎಲ್ಲಿಗೋ ಹೋದಾಗ ನನ್ನ ಎದೆ ಒಡೆಯಿತು. ಪ್ರಾರ್ಥನೆಯ ಸರಪಳಿಗೆ ಫೋನು ಮಾಡಿದೆ. ನಮ್ಮ ಚರ್ಚಿನಲ್ಲಿ ಒಬ್ಬಳು ಇಬ್ಬರಿಗೆ, ಆ ಇಬ್ಬರು ನಾಲ್ವರಿಗೆ ಸುದ್ದಿ ಮುಟ್ಟಿಸಿ ಪ್ರಾರ್ಥಿಸುತ್ತಾರೆ. ಪ್ರಾರ್ಥನೆ ದೇವರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೋ ತಿಳಿಯದು. ಒಲೆಗೆ ಮಾತ್ರ ತಕ್ಷಣ ಮುಟ್ಟುತ್ತದೆ! ಒಂದೂವರೆ ಗಂಟೆಯಲ್ಲಿ ನಮ್ಮ ಮೇಜಿನ ಮೇಲೆ ಏಳು ಗಾಜಿನ ಬೋಗುಣಿ, ಏಳರಲ್ಲೂ ಬೇಯಿಸಿದ ನೂಡಲ್ಸ್. ಗಿಲ್ಮನ್ ಬಂದು ಹಸುಗಳಿಗೆ ಮೇವು ಹಾಕಿದ. ಪಾದ್ರಿಗಳು ಕಪ್ಪು ಅಂಗಿ ತೊಟ್ಟು ಬಂದರು.

ಆಗಲೇ ಬಾಗಿಲು ತೆರೆಯಿತು. ಹಣೆಯಿಂದ ರಕ್ತ ಒಸರುತ್ತಾ ಆರ್ವಿಡ್ ನಿಂತಿದ್ದ!

“ಯಾರು ಸತ್ತದ್ದು?” ಎಂದು ಕೇಳಿದ.

“ಇನ್ನೂ ಯಾರೂ ಇಲ್ಲ ಭಾವ” ಎಂದ ಗಿಲ್ಮನ್. “ನೀವು ಕೂತ್ಕೊಳ್ಳಿ.”

ಬಾಯಿ ಬಿಡಲು ಬಿಡದೆ ಗಾಯಕ್ಕೆ ಪಟ್ಟಿ ಹಾಕಿ, ಅವನನ್ನು ಕಂಬಳಿಯಲ್ಲಿ ಸುತ್ತಿ ಕಾರಿಗೆ ತುಂಬಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಸೋಲ್ವೈ ನಮ್ಮ ಕಡೆಯವಳೇ, ಗಟ್ಟಿಗಿತ್ತಿ. ಕೈ ಎತ್ತಿಸಿದಳು, ನಾಲಿಗೆ ಚಾಚಿಸಿದಳು, ನಗಿಸಿದಳು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಪಟ್ಟಿ ಬಿಚ್ಚಿ ಎಡಹುಬ್ಬಿನ ಮೇಲಿನ ಅರ್ಧಚಂದ್ರವನ್ನು ನೋಡಿದವಳೇ ತನ್ನ ಮುಂಗೂದಲು ಎತ್ತಿ ತೋರಿಸಿದಳು. ಅವಳ ಬಲಹುಬ್ಬಿನ ಮೇಲೂ ಅಂಥದೇ ಹಳೆಯ ಚಂದ್ರ!

“ಗುಂಡು ಹಾರಿದಾಗ ದುರ್ಬೀನು ಹಿಂದಕ್ಕೆ ಒದ್ದಿದ್ದು ಯಜಮಾನ್ರೇ, ಅಲ್ವಾ? ಗಾಜು ಕಣ್ಣಿಗೆ ತೀರಾ ಹತ್ತಿರ ಇತ್ತು. ಆದ್ರೆ ಎಡಗಡೆ ಯಾಕೆ? ನೀವು ಬಲಗೈಯವರಲ್ವಾ?”

ಆರ್ವಿಡ್ ನನ್ನನ್ನು ನೋಡಿದ, ನೆಲ ನೋಡಿದ. “ಬಂದೂಕು ಎಡಚರದ್ದು ಡಾಕ್ಟ್ರೇ. ಅದಕ್ಕೇ ಒಂದು ವಾರದಿಂದ ಅಭ್ಯಾಸ ಮಾಡ್ತಿದೀನಿ. ಇವತ್ತು ಗುಂಡು ಹೊಡೆದು ನೋಡೋಕೆ ಹೋಗಿದ್ದೆ.”

“ಬಲಗೈಯವರಿಗೆ ಎಡಚರ ಬಂದೂಕು ತಂದ ಮುಠ್ಠಾಳ ಯಾರು?”

ನಾನೇ ಎಂದು ಕೈ ಎತ್ತಿದೆ. ಅಭ್ಯಾಸಬಲ, ಎಡಗೈಯೇ ಮೇಲೆದ್ದಿತು. ಅದು ಹೆಗಲಿಗೆ ಯಾಕೆ ಅಷ್ಟು ಚೆನ್ನಾಗಿ ಕೂತಿತು, ಅಂಗಡಿಯವನು ಯಾಕೆ ಅಷ್ಟು ಹಿಗ್ಗಿದ ಎಂಬುದೆಲ್ಲ ಆಗ ಹೊಳೆಯಿತು. ಹುಟ್ಟು ಎಡಚಿ ನಾನು!

“ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದು ಗಂಡನ ಮೇಲೆ ಹರಿಹಾಯ್ದೆ.

“ನಿನ್ನ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ” ಎಂದ. ಎಪ್ಪತ್ತೆರಡು ವರ್ಷ ಬಲಗೈಯಲ್ಲಿ ಬದುಕಿದವನು ನನ್ನ ಮನಸ್ಸು ನೋಯಬಾರದೆಂದು ಇನ್ನೊಂದು ಕೈಯನ್ನು ಒಂದನೆಯ ತರಗತಿಗೆ ಸೇರಿಸಿದ್ದ! ಎಂಥ ಮನುಷ್ಯನನ್ನು ಕಟ್ಟಿಕೊಂಡೆನಪ್ಪಾ ಎಂದು ಬೈಯುತ್ತಲೇ ಕೈಮುಗಿಯಬೇಕೆನಿಸಿತು.

ಡಾಕ್ಟರ್ ಮಾತ್ರ ಸುಮ್ಮನಾಗಲಿಲ್ಲ. ಅವನ ಎಡಗಣ್ಣು ಮುಚ್ಚಿ ಬೆರಳು ತೋರಿಸಿ, “ಎಷ್ಟು?” ಎಂದಳು.

“ಕೈ ಎಲ್ಲಿದೆ ಹೇಳಿ, ಆಮೇಲೆ ಎಣಿಸ್ತೀನಿ.”

ಬಲಗಣ್ಣಿಗೆ ದಟ್ಟವಾಗಿ ಪೊರೆ ಬಂದಿತ್ತು. ಗಾಳಿಯ ತಪ್ಪಲ್ಲ, ತೋಟಾದ ತಪ್ಪಲ್ಲ, ಅವನಪ್ಪನ ಬಂದೂಕಿನದಂತೂ ಅಲ್ಲವೇ ಅಲ್ಲ. “ಪೊರೆ ಕ್ರಿಸ್ಮಸ್ ಕಳೆದು ತೆಗೆಸೋಣ” ಎಂದಳು ಡಾಕ್ಟರ್. “ಈ ಸಲ ಎಡಗಡೆಯಿಂದಲೇ ಹೊಡೀರಿ. ಎಡಗಣ್ಣು ಹದ್ದಿನ ಹಾಗಿದೆ. ದುರ್ಬೀನು ಮಾತ್ರ ಎರಡು ಬೆರಳು ಮುಂದಕ್ಕೆ ಸರಿಸಿ. ನಿಮ್ಮದು ಕೊಕ್ಕರೆ ಕುತ್ತಿಗೆ.”

ಮರುವಾರ ಬೇಟೆ ಶುರುವಾಯಿತು. ಎರಡನೆಯ ಬೆಳಗ್ಗೆ, ಎಂಬತ್ತು ಗಜ ದೂರದಲ್ಲಿ, ಒಂದೇ ಗುಂಡು. ಎಂಟು ಕವಲಿನ ಕೊಂಬಿನ ಗಂಡು ಜಿಂಕೆ! ಗುಡಿಸಲಿನ ಮಂಚ ಉಳಿಯಿತು.

ಮಧ್ಯಾಹ್ನ ಬೇಟೆಗಾರರೆಲ್ಲ ಬೇಟೆಯ ಕಿತ್ತಳೆ ಅಂಗಿಯಲ್ಲೇ ನಮ್ಮ ಮನೆಗೆ ನುಗ್ಗಿ, ಫ್ರೀಜರಿನಲ್ಲಿಟ್ಟಿದ್ದ ಆ ಏಳೂ ಬೋಗುಣಿಗಳನ್ನು ಬಿಸಿ ಮಾಡಿಸಿಕೊಂಡು ಬಳಿದರು. “ಅಕ್ಕಾ, ಆ ಬಂದೂಕು ಆರಿಸಿದ ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು!” ಎಂದ ಗಿಲ್ಮನ್. ನನ್ನ ನಾಲಿಗೆಗೆ ಅಷ್ಟೇ ಸಾಕಾಗಿತ್ತು.

“ಸುಮ್ಮನೆ ಆರಿಸಿದ್ನಾ? ನಿಮ್ಮ ಭಾವನ ಬಲಗಣ್ಣು ಮಸುಕಾಗಿದೆ ಅಂತ ಅಳೆದು ತೂಗಿಯೇ ಎಡಗಡೇದು ತಂದಿದ್ದು! ನನಗೆ ಗೊತ್ತಾಗದೆ ಈ ಮನೇಲಿ ಏನೂ ನಡೆಯಲ್ಲ!”

ಆರ್ವಿಡ್ ನಿಧಾನವಾಗಿ ಬಾಯೊರೆಸಿಕೊಂಡ.

“ಹೌದಾ ವರ್ನಾ? ಮೂರು ವರ್ಷದಿಂದ ದಿನಾ ನನ್ನ ಬಲಗಡೆನೇ ಕೂತು ಊಟ ಮಾಡ್ತಿದೀಯ. ಮೊನ್ನೆ ಪಟ್ಟಿ ಹಾಕೋಕೆ ಎಡಗಡೆ ಬಂದು ನಿಂತ್ಯಲ್ಲ, ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ ಅಂತ ನನಗೆ ತಿಳಿದಿದ್ದೇ ಆಗ!”

ಕಿತ್ತಳೆ ಅಂಗಿಗಳೆಲ್ಲ ಮೇಜು ಗುದ್ದಿ ಗುದ್ದಿ ನಕ್ಕವು. ನಾನು ಖಾಲಿ ಬೋಗುಣಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಎದ್ದೆ.

ತೊಟ್ಟಿಗೆ ಬಿಸಿನೀರು ಬಿಟ್ಟು ಬೋಗುಣಿಗಳನ್ನು ತೊಳೆಯಲು ನಿಂತೆ. ತಿರುಗಿ ಕೊಡುವಾಗ ಗುರುತಿಗೆಂದು ಒಂದೊಂದರ ತಳಕ್ಕೂ ಅದರ ಒಡತಿಯ ಹೆಸರು ಬರೆದ ಕಾಗದದ ಪಟ್ಟಿ ಅಂಟಿಸಿರುತ್ತಾರೆ. ಅದು ನೆನೆಯದ ಹಾಗೆ, ಬೋಗುಣಿಯನ್ನು ಸ್ವಲ್ಪ ಓರೆ ಹಿಡಿದು, ಮೂಲೆಯಲ್ಲಿ ಕರಕಲಾದ ನೂಡಲ್ಸನ್ನು ಉಗುರಿನಿಂದ ಕೆರೆದು ತೆಗೆಯಬೇಕು.